ಬರಿದಾಗುವ ಕಡಲು: ತಕ್ದೀರ್ ಎಷ್ಟು, ನಮ್ಮ ಕೈಗಳ ಪಾಲು ಎಷ್ಟು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ನಾನು ಭಾಷಾ ಶಿಕ್ಷಕ. ಉರ್ದು ಮತ್ತು ಕನ್ನಡ ಕಲಿಸುವವನು. ಕಡಲಿನ ಬಗ್ಗೆ ಮಾತನಾಡಲು ವಿಜ್ಞಾನದ ಶಿಕ್ಷಕರನ್ನು ಕರೆಯಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಈ ವಿಷಯವನ್ನು ನಾನಾಗಿ ಆರಿಸಿಕೊಳ್ಳಲಿಲ್ಲ, ಹಾಜರಿ ಪುಸ್ತಕವೇ ನನ್ನನ್ನು ಇದಕ್ಕೆ ಎಳೆದು ತಂದಿತು.

ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗ ವಾರಗಟ್ಟಲೆ ಶಾಲೆಗೆ ಬರಲಿಲ್ಲ. ಉರ್ದು ಪದ್ಯವನ್ನು ಒಮ್ಮೆ ಕೇಳಿದರೆ ಸಾಕು, ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗ ಅವನು. ವಿಚಾರಿಸಲು ಮನೆಗೆ ಹೋದೆ. ತಂದೆ ದೋಣಿಗೆ ಹೋಗುವವರು. ಆ ವರ್ಷ ಮೀನು ಇರಲಿಲ್ಲ, ಡೀಸೆಲ್‌ನ ಸಾಲ ಏರಿತ್ತು. ಹುಡುಗನನ್ನು ಒಂದು ಅಂಗಡಿಗೆ ಕೆಲಸಕ್ಕೆ ಹಾಕಿದ್ದರು. ಅವನ ಅಜ್ಜ ಜಗಲಿಯಲ್ಲಿ ಕೂತು, "ಏನು ಮಾಡೋದು ಮಾಸ್ತರ್ರೇ, ಕಡಲು ಬರಿದಾಯ್ತು. ಎಲ್ಲ ತಕ್ದೀರ್" ಎಂದರು.

ಆ ಹಿರಿಯರ ಈಮಾನಿನ ಬಗ್ಗೆ ನನಗೆ ಗೌರವವಿದೆ. ಆದರೆ ಮನೆಗೆ ಮರಳುವ ದಾರಿಯಲ್ಲಿ ಒಂದು ಪ್ರಶ್ನೆ ನನ್ನನ್ನು ಕಾಡಿತು. ಕಡಲು ಬರಿದಾದದ್ದರಲ್ಲಿ ತಕ್ದೀರ್ ಎಷ್ಟು? ಮನುಷ್ಯರ ಕೈಗಳ ಪಾಲು ಎಷ್ಟು? ಅಂದಿನಿಂದ ಓದಿ, ಕೇಳಿ ತಿಳಿದುಕೊಂಡ ಒಂದಿಷ್ಟು ಸಂಗತಿಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಆತ್ಮೀಯರೇ, ನಮಗೆಲ್ಲ ಗೊತ್ತಿರುವ ಒಂದೇ ಮೀನನ್ನು ತೆಗೆದುಕೊಳ್ಳೋಣ. ತುಳುವಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಮಲಯಾಳಂನಲ್ಲಿ ಮತ್ತಿ. ಬಡವರ ತಟ್ಟೆಯ ಮೀನು. ಕೇರಳದಿಂದ ನಮ್ಮ ಕಾರವಾರದವರೆಗೆ, ಗೋವಾದವರೆಗೆ ಇದು ದಂಡುದಂಡಾಗಿ ತಿರುಗಾಡುತ್ತದೆ. ರಾಜ್ಯಗಳ ಗಡಿ ಅದಕ್ಕೆ ಗೊತ್ತಿಲ್ಲ.

ಇದರ ಬಾಳು ಮಳೆಗಾಲಕ್ಕೆ ಕಟ್ಟಿಕೊಂಡಿದೆ. ಮುಂಗಾರಿನಲ್ಲಿ ಗಾಳಿಯು ದಡದ ಬಳಿಯ ಮೇಲ್ಪದರದ ನೀರನ್ನು ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಹೊಲಕ್ಕೆ ಗೊಬ್ಬರ ಇದ್ದ ಹಾಗೆ, ಆ ನೀರಿನಲ್ಲಿ ಪೋಷಕಾಂಶಗಳಿರುತ್ತವೆ. ಅದರಿಂದ ಕಣ್ಣಿಗೆ ಕಾಣದ ಸಣ್ಣ ಸಸ್ಯಗಳು ಕಡಲಲ್ಲಿ ಕೋಟಿಕೋಟಿಯಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಆಹಾರ. ಅದು ಮೊಟ್ಟೆ ಇಡುವುದೂ ಮುಖ್ಯವಾಗಿ ಇದೇ ಮಳೆಗಾಲದಲ್ಲಿ. ಮರಿಗಳಿಗೆ ಊಟ ಸಿದ್ಧವಾಗಿರುವ ಹೊತ್ತಿಗೇ ಅವು ಹುಟ್ಟುವ ಹಾಗೆ ಅಲ್ಲಾಹನು ಮಾಡಿರುವ ಈ ಏರ್ಪಾಟನ್ನು ನೋಡಿದರೆ ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗುವುದಿಲ್ಲ.

ಈ ಏರ್ಪಾಟು ಪ್ರತಿವರ್ಷವೂ ಒಂದೇ ತೆರನಾಗಿ ನಡೆಯುವುದಿಲ್ಲ. ಮಳೆ ಹಿಂದೆ ಮುಂದೆ ಆಗುತ್ತದೆ, ಗಾಳಿ ಸೋಲುತ್ತದೆ, ನೀರು ಬಿಸಿಯಾಗುತ್ತದೆ. ದೂರದ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಅದರ ಪರಿಣಾಮ ನಮ್ಮ ಕಡಲಿಗೂ ತಟ್ಟುತ್ತದೆ. 1940ರ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೂತಾಯಿ ಬಹಳವಾಗಿ ಕುಸಿದಿತ್ತು. ಆಗ ಮಲಬಾರ್ ಮತ್ತು ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದವು. ಆ ಸರಕಾರ 1943ರಲ್ಲಿ ಕೆಲವು ಬಗೆಯ ಬಲೆಗಳಿಗೆ ನಿರ್ಬಂಧ ಹಾಕಿತು. ಆಗ ಇಲ್ಲಿ ಟ್ರಾಲ್ ಬೋಟು ಇರಲಿಲ್ಲ, ಪರ್ಸೀನ್ ಇರಲಿಲ್ಲ, ದೋಣಿಗಳಿಗೆ ಇಂಜಿನ್ ಕೂಡ ಇರಲಿಲ್ಲ. ಆದರೂ ಮೀನು ಕಡಿಮೆಯಾಯಿತು. ಆದ್ದರಿಂದ ಅಜ್ಜನ ಮಾತಿನಲ್ಲಿ ಸತ್ಯವಿದೆ. ಕಡಲಿಗೆ ತನ್ನದೇ ಏರಿಳಿತವಿದೆ, ಅದು ನಮ್ಮ ಹಿಡಿತದಲ್ಲಿ ಇಲ್ಲ.

ಇನ್ನು ಇತ್ತೀಚಿನ ಕಥೆಗೆ ಬರೋಣ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಕಾರ 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಅಂದರೆ ನೂರಕ್ಕೆ ಒಂದು ಪಾಲೂ ಇಲ್ಲ. ಮರುವರ್ಷ 2022ರಲ್ಲಿ ಮತ್ತೆ ಸುಮಾರು ಒಂದು ಲಕ್ಷ ಟನ್ನಿಗೆ ಏರಿತು. ನಾನು ಕೇರಳದ ಲೆಕ್ಕ ಹೇಳಲು ಕಾರಣ, ಈ ಮೀನಿನ ದೊಡ್ಡ ಪಾಲು ಸಿಗುವುದು ಅಲ್ಲಿಯೇ. ಆ ವರ್ಷಗಳ ಬಿಸಿ ನಮ್ಮ ಬಂದರುಗಳಿಗೂ ಹೇಗೆ ತಟ್ಟಿತು ಎಂಬುದು ಇಲ್ಲಿ ಕುಳಿತಿರುವ ಬೋಟಿನ ಮಾಲಕರಿಗೆ ನಾನು ಹೇಳಬೇಕಾಗಿಲ್ಲ.

ಇದಕ್ಕೆ ಕಾರಣವೇನು? 2015-16ರಲ್ಲಿ ಬಲವಾದ ಎಲ್ ನಿನೊ ಬಂದಿತ್ತು. ಅದು ಒಂದು ಕಾರಣ. ಆದರೆ ವಿಜ್ಞಾನಿಗಳು ಇನ್ನೊಂದನ್ನೂ ಹೇಳಿದರು. ಅದಕ್ಕೆ ಹಿಂದಿನ ಸಮೃದ್ಧಿಯ ವರ್ಷಗಳಲ್ಲಿ, ಅಂದರೆ 2010ರಿಂದ 2012ರ ನಡುವೆ, ಮಿತಿ ಮೀರಿ ಹಿಡಿಯಲಾಗಿತ್ತು. ಮರಿಗಳನ್ನೂ ಬಿಡಲಿಲ್ಲ. ಬೂತಾಯಿ ಬಹಳ ಕಾಲ ಬದುಕುವ ಮೀನಲ್ಲ. ಎರಡು ಎರಡೂವರೆ ವರ್ಷ ಅದರ ಆಯುಸ್ಸು. ಸುಮಾರು 15 ಸೆಂಟಿಮೀಟರ್ ಬೆಳೆದಾಗ ಮೊಟ್ಟೆಗೆ ಬರುತ್ತದೆ. ಒಂದು ತಾಯಿ ಮೀನು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಬೆರಳುದ್ದದ ಮರಿಯನ್ನು ಹಿಡಿದಾಗ ನಾವು ಆ ಒಂದು ಮರಿಯನ್ನಷ್ಟೇ ಹಿಡಿಯುವುದಿಲ್ಲ, ಅದು ಮುಂದೆ ಇಡಬೇಕಾಗಿದ್ದ ಮೊಟ್ಟೆಗಳನ್ನೂ ಕಳೆದುಕೊಳ್ಳುತ್ತೇವೆ.

ರೈತನ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ಬಾರದ ವರ್ಷ ಬೆಳೆ ಹೋಗುತ್ತದೆ. ಅದು ರೈತನ ತಪ್ಪಲ್ಲ. ಆದರೆ ಬಿತ್ತನೆಗೆ ಇಟ್ಟ ಬೀಜದ ಭತ್ತವನ್ನೇ ಕುಟ್ಟಿ ಉಂಡವನಿಗೆ ಮರುವರ್ಷ ಒಳ್ಳೆಯ ಮಳೆ ಬಂದರೂ ಏನು ಪ್ರಯೋಜನ? ಕಡಲಿನಲ್ಲೂ ಹೀಗೆಯೇ. ಕೆಟ್ಟ ವರ್ಷವನ್ನು ನಾವು ತಡೆಯಲಾರೆವು. ಆದರೆ ಒಳ್ಳೆಯ ವರ್ಷ ಬಂದಾಗ ಮೊಟ್ಟೆ ಇಡಲು ತಾಯಿ ಮೀನು ಉಳಿದಿರಬೇಕು. ಅದನ್ನು ಉಳಿಸುವುದು ಬಿಡುವುದು ನಮ್ಮ ಕೈಯಲ್ಲಿದೆ. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ.

ನಮ್ಮ ಹಿರಿಯರ ಕಾಲದಲ್ಲಿ ರಂಪಣಿ ಬಲೆ ಇತ್ತು. ಊರಿಗೆ ಊರೇ ದಡದಲ್ಲಿ ನಿಂತು ಅದನ್ನು ಎಳೆಯುತ್ತಿತ್ತು. ಎಳೆದವರಿಗೆಲ್ಲ ಪಾಲು. ಮೀನು ದಡದ ಬಳಿಗೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ಬರುವವರೆಗೆ ಕಾಯಬೇಕಾಗಿಲ್ಲ, ಅದಿರುವಲ್ಲಿಗೇ ಹೋಗಿ ದಂಡನ್ನೇ ಸುತ್ತುವರಿಯಬಹುದು. ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಆಮೇಲೆ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಬಂತು, ರಾತ್ರಿ ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಾಕಿ ಮೀನನ್ನು ಸೆಳೆಯುವ ಪದ್ಧತಿ ಬಂತು. ಕೇಂದ್ರ ಸರಕಾರ ಇವೆರಡನ್ನೂ 2017ರಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರ ದೂರು ನಿಂತಿಲ್ಲ.

ಬಲೆಗೆ ಬಿದ್ದ ಮರಿಗಳು ತಿನ್ನಲು ಬಾರದಿದ್ದರೂ ಅದಕ್ಕೆ ಗಿರಾಕಿ ಇದೆ. ಫಿಶ್‌ಮೀಲ್ ಕಾರ್ಖಾನೆಗಳು ಅದನ್ನು ಒಣಗಿಸಿ ಹುಡಿ ಮಾಡುತ್ತವೆ. ಕೋಳಿಗೆ, ಸಾಕಣೆಯ ಸಿಗಡಿಗೆ ಅದು ಆಹಾರ. ಹೀಗೆ ಬಡವನ ತಟ್ಟೆಗೆ ಬರಬೇಕಾದ ಮೀನು ಬೆಳೆಯುವ ಮೊದಲೇ ಹುಡಿಯಾಗುತ್ತದೆ. ಇದರಲ್ಲಿ ದೋಣಿಯವನೊಬ್ಬನನ್ನೇ ದೂರಿದರೆ ನ್ಯಾಯವಾಗದು. ಬ್ಯಾಂಕಿನ ಕಂತು, ಡೀಸೆಲ್, ಐಸ್, ಕೂಲಿ ಎಲ್ಲ ಅವನ ಬೆನ್ನ ಮೇಲಿವೆ. ಬರಿಗೈಯಲ್ಲಿ ಬಂದರಿಗೆ ಮರಳಲು ಅವನಿಗೆ ಧೈರ್ಯವಿಲ್ಲ. ಬೋಟಿಗೆ ಬಂಡವಾಳ ಹಾಕಿದವರು, ಕೊಳ್ಳುವ ವ್ಯಾಪಾರಿಗಳು, ತಿನ್ನುವ ನಾವು, ಎಲ್ಲರೂ ಇದರಲ್ಲಿ ಪಾಲುದಾರರು.

ಇಷ್ಟು ಹೊತ್ತು ಹೇಳಿದ್ದು ಕಡಲಿನೊಳಗಿನ ಮಾತು. ಆದರೆ ಕಡಲಿಗೆ ಕೇಡು ನೆಲದ ಕಡೆಯಿಂದಲೂ ಹೋಗುತ್ತದೆ. ಅದಕ್ಕೆ ಬೂತಾಯಿಯನ್ನು ಬಿಟ್ಟು ಸಿಗಡಿಯನ್ನು ನೋಡಬೇಕು. ಹಲವು ಜಾತಿಯ ಸಿಗಡಿ ಕಡಲಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಅಳಿವೆಯೊಳಗೆ ಬಂದು, ಕಾಂಡ್ಲಾ ಗಿಡಗಳ ಬೇರಿನ ಆಸರೆಯಲ್ಲಿ ಬೆಳೆದು, ಮತ್ತೆ ಕಡಲಿಗೆ ಹೋಗುತ್ತವೆ. ಅಳಿವೆ ಎಂದರೆ ಮೀನಿನ ಮಕ್ಕಳ ಶಾಲೆ ಇದ್ದಂತೆ.

ನಮ್ಮ ಉತ್ತರ ಕನ್ನಡದಲ್ಲಿ ಅಕ್ಕಪಕ್ಕದಲ್ಲೇ ಇಂಥ ಎರಡು ಅಳಿವೆಗಳಿವೆ. ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಬಿಡುವುದರಿಂದ ಬೇಸಿಗೆಯಲ್ಲೂ ಆ ಅಳಿವೆಯ ಉಪ್ಪು ಮೊದಲಿನಷ್ಟು ಏರುವುದಿಲ್ಲ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಹೀಗೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡನ್ನೂ ಅಧ್ಯಯನ ಮಾಡಿದವರು ಕಂಡದ್ದೇನೆಂದರೆ, ಮೀನಿನ ಜಾತಿಗಳೂ ಬಳಚುಗಳೂ ಅಘನಾಶಿನಿಯಲ್ಲಿ ಹೆಚ್ಚು. ಅಲ್ಲಿ ಇಳಿತದ ವೇಳೆಗೆ ನೂರಾರು ಜನ, ಹೆಂಗಸರೂ ಸೇರಿ, ಬಳಚು ಹೆಕ್ಕಿ ಸಂಸಾರ ನಡೆಸುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಶರಾವತಿಯ ವಿದ್ಯುತ್ತು ನಾಡಿಗೆ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ಬೆಳಕಿನಲ್ಲಿ ಓದಿ ಬೆಳೆದವರೇ ನಾವು. ಆದರೆ ಮೀನುಗಾರರ ಮನೆಗಳು ಅದಕ್ಕೊಂದು ಬೆಲೆ ತೆತ್ತಿವೆ ಎಂಬುದನ್ನು ಮರೆಯಬಾರದು. ಗಜನಿಯನ್ನು ಮಣ್ಣು ಹಾಕಿ ತುಂಬಿಸುವುದು, ಕಾಂಡ್ಲಾ ಕಡಿಯುವುದು, ಅಳಿವೆಯ ಮರಳನ್ನು ಮಿತಿಯಿಲ್ಲದೆ ತೆಗೆಯುವುದು, ಊರಿನ ಚರಂಡಿ ಮತ್ತು ಪ್ಲಾಸ್ಟಿಕ್ಕನ್ನು ಹೊಳೆಗೆ ಬಿಡುವುದು, ಇವಕ್ಕೆ ಮಾತ್ರ ಅಂತಹ ನೆಪವೂ ಇಲ್ಲ.

ಸಹೋದರರೇ, ನಮ್ಮ ದೀನ್ ಈ ವಿಷಯದಲ್ಲಿ ಮೌನವಾಗಿಲ್ಲ. ಪವಿತ್ರ ಕುರ್‌ಆನಿನ ಸೂರಃ ರೂಮ್‌ನ 41ನೇ ಆಯತ್ ನೆಲ ಮತ್ತು ಕಡಲು ಎರಡರಲ್ಲೂ ಕಾಣುವ ಕೇಡನ್ನು ಮನುಷ್ಯರ ಕೈಗಳ ಗಳಿಕೆಯೊಂದಿಗೆ ಜೋಡಿಸಿ ಮಾತನಾಡುತ್ತದೆ. ಮನೆಗೆ ಹೋಗಿ ಆ ಆಯತ್‌ನ ಅರ್ಥವನ್ನು ತರ್ಜುಮೆಯಲ್ಲಿ ಓದಿರಿ ಎಂದು ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ. ವುಝೂ ಮಾಡುವಾಗಲೂ ನೀರಿನಲ್ಲಿ ಇಸ್ರಾಫ್ ಬೇಡ ಎಂದು ಚಿಕ್ಕಂದಿನಲ್ಲೇ ಕಲಿತವರು ನಾವು. ಲೋಟದ ನೀರಿಗೆ ಇರುವ ಲೆಕ್ಕ ಕಡಲಿಗೆ ಇಲ್ಲವೇ? ಭೂಮಿ ನಮಗೆ ಅಮಾನತ್ತಾಗಿ ಸಿಕ್ಕಿದೆ. ಅಮಾನತ್ತನ್ನು ಖರ್ಚು ಮಾಡಿ ಮುಗಿಸಿ ಆಮೇಲೆ ತಕ್ದೀರ್ ಎಂದು ಹೇಳುವುದು ತವಕ್ಕುಲ್ ಆಗುವುದಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವನ್ನು ಬರೀ ಸರಕಾರದ ಆದೇಶವೆಂದು ನೋಡಬೇಡಿ. ಅದು ತಾಯಿ ಮೀನಿಗೆ ಕೊಡುವ ಬಾಣಂತನದ ರಜೆ. ಬೋಟಿರುವ ನಮ್ಮವರು ಆ ದಿನಗಳನ್ನೂ ಬಲೆಯ ಕಣ್ಣಿನ ಅಳತೆಯನ್ನೂ ನಿಷ್ಠೆಯಿಂದ ಪಾಲಿಸಲಿ. ನಮ್ಮ ದಾಲ್ದಿ ಸಹೋದರರು, ಖಾರ್ವಿಗಳು, ಹರಿಕಂತ್ರರು, ಮೊಗವೀರರು ಎಲ್ಲರಿಗೂ ಕಡಲು ಒಂದೇ. ಒಬ್ಬರು ಪಾಲಿಸಿ ಇನ್ನೊಬ್ಬರು ಮುರಿದರೆ ನಷ್ಟ ಎಲ್ಲರಿಗೂ ಆಗುತ್ತದೆ.

ಎರಡನೆಯದು, ಮಾರುಕಟ್ಟೆಯಲ್ಲಿ ಮರಿ ಮೀನನ್ನು ಕೊಳ್ಳಬೇಡಿ. ಕೇರಳ 2015ರಿಂದ ಬೂತಾಯಿಗೆ 10 ಸೆಂಟಿಮೀಟರಿನ ಮಿತಿ ಹಾಕಿದೆ. ಮೊಟ್ಟೆಗೆ ಬರುವ ಗಾತ್ರಕ್ಕಿಂತ ಇದು ಕಡಿಮೆಯೇ, ಆದರೂ ತೀರಾ ಎಳೆಯ ಮರಿಗಳು ಉಳಿಯುತ್ತವೆ. ಮಕ್ಕಳೇ, ನಿಮ್ಮ ಪೆಟ್ಟಿಗೆಯಲ್ಲಿರುವ ಸ್ಕೇಲು 15 ಸೆಂಟಿಮೀಟರಿನದು. ಮನೆಗೆ ಬಂದ ಮೀನನ್ನು ಅದರ ಪಕ್ಕದಲ್ಲಿಟ್ಟು ನೋಡಿ. ವರ್ಷವಿಡೀ ತಿಂಗಳಿಗೊಮ್ಮೆ ಹೀಗೆ ಅಳೆದು ಬರೆದಿಟ್ಟರೆ ಅದೇ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಅದನ್ನು ಪ್ರಕಟಿಸುವಂತೆ ಸಂಪಾದಕರನ್ನು ಕೇಳೋಣ.

ಮೂರನೆಯದು ನಮ್ಮ ಸಂಘಕ್ಕೆ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ. ಫೀಸು, ಪುಸ್ತಕ, ಸಮವಸ್ತ್ರ ಎಲ್ಲ ಬೇಕಾಗುವುದು ಆಗಲೇ. ಮೀನುಗಾರರ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗುವ ಕಾಲವೂ ಅದೇ. ಆ ಮನೆಯವರಿಗೆ ಕಡಲಿಗೆ ಹೋಗಬೇಡಿ ಎಂದು ಹೇಳುವ ನಾವು ಫೀಸನ್ನು ಮಾತ್ರ ಜೂನ್‌ನಲ್ಲೇ ಕೇಳಿದರೆ ನಮ್ಮ ಉಪದೇಶಕ್ಕೆ ಬೆಲೆಯಿಲ್ಲ. ಮೀನುಗಾರರ ಮಕ್ಕಳಿಗೆ ಅಕ್ಟೋಬರಿನವರೆಗೆ ಗಡುವು ಕೊಡಬೇಕು, ಸಂಘದ ವಿದ್ಯಾರ್ಥಿವೇತನದ ಒಂದು ಪಾಲನ್ನು ಮಳೆಗಾಲದಲ್ಲೇ ಅವರಿಗೆ ತಲುಪಿಸಬೇಕು ಎಂದು ಅಧ್ಯಕ್ಷರಲ್ಲಿ ವಿನಮ್ರವಾಗಿ ಕೇಳಿಕೊಳ್ಳುತ್ತೇನೆ. ಕಡಲಿನ ಬೀಜವನ್ನು ಉಳಿಸಬೇಕಾದರೆ ಆ ಎರಡು ತಿಂಗಳು ಆ ಮನೆಗಳನ್ನೂ ನಾವು ಉಳಿಸಿಕೊಳ್ಳಬೇಕು.

ನಾನು ಮೊದಲು ಹೇಳಿದ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ನಾಲ್ಕೈದು ಸಲ ಹೋಗಿ ಕರೆದೆ. ಈಗಲೂ ಎಲ್ಲಿಯಾದರೂ ಸಿಕ್ಕಿದರೆ ಸಲಾಂ ಹೇಳುತ್ತಾನೆ, ಪದ್ಯವೂ ನೆನಪಿದೆ ಎನ್ನುತ್ತಾನೆ. ಅವನ ವಿಷಯದಲ್ಲಿ ಕಡಲಿನ ಪಾಲು ಎಷ್ಟೋ, ನಮ್ಮ ಪಾಲೂ ಸ್ವಲ್ಪ ಇತ್ತು. ಇನ್ನೊಬ್ಬ ಹುಡುಗನ ವಿಷಯದಲ್ಲಿ ಹಾಗಾಗದಿರಲಿ.

ಕೊಟ್ಟ ಅಮಾನತ್ತನ್ನು ಕಾಪಾಡುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ, ಕಡಲಿಗೆ ಹೋದವರನ್ನು ಸುರಕ್ಷಿತವಾಗಿ ದಡ ಸೇರಿಸಲಿ, ಅವರ ರಿಝ್ಕ್‌ನಲ್ಲಿ ಬರ್ಕತ್ ಕೊಡಲಿ. ಆಮೀನ್.