ಹೆಸರುಗಳಿಂದ ಶುರುವಾದ ಕಥೆ

(ಕ್ರಿಸ್ತಜಯಂತಿಯ ಜಾಗರಣೆಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಈಗತಾನೇ ಶುಭಸಂದೇಶ ಕೇಳುತ್ತಿದ್ದಾಗ ನಮ್ಮಲ್ಲಿ ಎಷ್ಟು ಮಂದಿಯ ಕಣ್ಣು ಗೋದಲಿಯ ದೀಪಗಳ ಕಡೆಗೆ ಹೋಯಿತೋ ದೇವರಿಗೇ ಗೊತ್ತು. ಅಬ್ರಹಾಮನಿಂದ ಜೋಸೆಫರವರೆಗೆ, 14 ತಲೆಮಾರುಗಳಂತೆ ಮೂರು ಕಂತುಗಳಲ್ಲಿ, ಬರೀ ಹೆಸರುಗಳು. ಈ ಪಟ್ಟಿಯನ್ನು ಬಿಟ್ಟು ಚಿಕ್ಕ ವಾಚನವನ್ನು ಓದಲು ಧರ್ಮಸಭೆಯ ಅನುಮತಿ ಉಂಟು. ಈ ಬಾರಿ ಬೇಕೆಂದೇ ಪೂರ್ತಿ ಓದಿದೆವು. ಹೊಸ ಒಡಂಬಡಿಕೆಯ ಮೊಟ್ಟಮೊದಲ ಪುಟ ಇದು. ಒಬ್ಬ ಕಾದಂಬರಿಕಾರ ಹೀಗೆ ಪುಸ್ತಕ ಶುರು ಮಾಡಿದರೆ ಎರಡನೇ ಪುಟ ತಿರುಗಿಸುವವರು ಯಾರು?

ಕಾದಂಬರಿಯ ಮಾತು ಸುಮ್ಮನೆ ಬಂದಿಲ್ಲ. ಈ ಆಗಮನ ಕಾಲದ ಭಾನುವಾರಗಳಲ್ಲಿ ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳು ಪೂಜೆಯ ನಂತರ ಸೇರಿ, ಒಬ್ಬೊಬ್ಬರೂ ಮೆಚ್ಚಿದ ಒಂದು ಕಾದಂಬರಿಯ ಆರಂಭವನ್ನು ಇತರರಿಗೆ ಹೇಳುವುದೆಂದು ಮಾಡಿಕೊಂಡೆವು. ಕ್ರೈಸ್ತ ಕಥೆಯಾಗಿರಬೇಕು, ಇಲ್ಲವೇ ಚರಿತ್ರೆಯ ಕಥೆಯಾಗಿರಬೇಕು. ಮೊದಲ ಪುಟ ಮಾತ್ರ. ಇಂಗ್ಲಿಷಿನಲ್ಲಿ ಓದಿದವರು ಕನ್ನಡದಲ್ಲಿ ಹೇಳಬೇಕು. ಕೇಳಿದವರು ಈ ಕಥೆ ಯಾರದು ಎಂದು ಊಹಿಸಬೇಕು. ಜಗದ್ಗುರು ಫ್ರಾನ್ಸಿಸ್ ಅವರು 2024ರ ಜುಲೈ 17ರಂದು ಸಾಹಿತ್ಯದ ಓದಿನ ಬಗ್ಗೆ ಬರೆದ ಪತ್ರವೇ ಇದಕ್ಕೆ ಪ್ರೇರಣೆ. ತರುಣ ಯೇಸುಸಭೆಯವರಾಗಿದ್ದಾಗ ಶಾಲೆಯಲ್ಲಿ ಸಾಹಿತ್ಯ ಕಲಿಸಿದವರು ಅವರು.

ಊಹೆಗಳೆಲ್ಲ ತಪ್ಪಾದವು. 1880ರಲ್ಲಿ ಬಂದ ಲ್ಯೂ ವಾಲೆಸ್ ಅವರ ‘ಬೆನ್ ಹರ್’ ಶುರುವಾಗುವುದು ಮರುಭೂಮಿಯಲ್ಲಿ ಒಂಟೆಯ ಮೇಲೆ ಒಂಟಿಯಾಗಿ ಬರುವ ಒಬ್ಬ ಜ್ಞಾನಿಯಿಂದ. ಕಥಾನಾಯಕ ಬರುವುದು ಎರಡನೇ ಭಾಗದಲ್ಲಿ. ಪೋಲೆಂಡಿನ ಸಿಯೆಂಕಿಯೆವಿಚ್ ಅವರ ‘ಕ್ವೋ ವಾದಿಸ್’ ತೆರೆದರೆ, ನೀರೋ ಚಕ್ರವರ್ತಿಯ ಔತಣದಲ್ಲಿ ರಾತ್ರಿ ಕಳೆದ ಶ್ರೀಮಂತನೊಬ್ಬ ಮಧ್ಯಾಹ್ನದ ಹೊತ್ತಿಗೆ ಆಯಾಸದಿಂದ ಏಳುತ್ತಿದ್ದಾನೆ. ಪೇತ್ರರೂ ಇಲ್ಲ, ಪೌಲರೂ ಇಲ್ಲ. ರೋಮ್ ನಿದ್ದೆಗಣ್ಣಿನಲ್ಲಿದೆ. ಬೆತ್ಲೆಹೇಮಿನ ಕುರುಬರಾದರೋ ರಾತ್ರಿಯೆಲ್ಲಾ ಎಚ್ಚರವಿದ್ದರು. ಈ ಹೋಲಿಕೆಯನ್ನು ಹೇಳಿದ್ದು ನಮ್ಮ ಪೈಕಿ ಒಬ್ಬ ಅಜ್ಜಿ.

ಹೆಚ್ಚು ಚರ್ಚೆಯಾದದ್ದು ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’. ಬ್ರೆಡ್ ಕದ್ದು ಸೆರೆಗೆ ಹೋದ ಜಾನ್ ವಾಲ್‌ಜಾನನ ಕಥೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಪುಸ್ತಕ ತೆರೆದರೆ ಅವನಿಲ್ಲ. 1815ರಲ್ಲಿ ದೀನ್ಯ್ ಎಂಬ ಸಣ್ಣ ಊರಿನಲ್ಲಿದ್ದ, ಸುಮಾರು 75 ವರ್ಷದ ಧರ್ಮಾಧ್ಯಕ್ಷರು ಮಿರಿಯೆಲ್ ಅವರ ಪರಿಚಯದಿಂದ ಕಥೆ ಹೊರಡುತ್ತದೆ. ಅವರದೇ ವಿಚಾರ 14 ಅಧ್ಯಾಯ! ತಮ್ಮ ಅರಮನೆಯನ್ನು ಪಕ್ಕದ ಇಕ್ಕಟ್ಟಾದ ಆಸ್ಪತ್ರೆಗೆ ಬಿಟ್ಟುಕೊಟ್ಟು, ಆ ಆಸ್ಪತ್ರೆಯ ಪುಟ್ಟ ಕಟ್ಟಡಕ್ಕೆ ತಾವು ಹೋದರು. ವರ್ಷಕ್ಕೆ ಬರುತ್ತಿದ್ದ 15,000ದಲ್ಲಿ ತಮ್ಮ ಖರ್ಚಿಗೆ ಇಟ್ಟುಕೊಂಡದ್ದು 1,000. ಬಾಗಿಲಿಗೆ ಬೀಗವಿಲ್ಲ. ಬೆಳ್ಳಿಯ ತಟ್ಟೆಗಳ ಮೇಲಿನ ಸಣ್ಣ ಆಸೆಯೊಂದು ಮಾತ್ರ ಉಳಿದಿತ್ತು.

“ಇಷ್ಟು ಉದ್ದಕ್ಕೆ ಯಾಕೆ ಹೇಳಬೇಕು? ಕಥೆ ಬೇಗ ಶುರು ಮಾಡಬಾರದಿತ್ತೇ?” ಎಂದು ಪಿಯುಸಿ ಓದುವ ಹುಡುಗನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅವನ ತಾಯಿಯೇ ಉತ್ತರ ಕೊಟ್ಟರು: “ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದು ಬಂದವನಿಗೆ ಊರಲ್ಲಿ ಯಾರೂ ಬಾಗಿಲು ತೆರೆಯೋದಿಲ್ಲ ಕಣೋ. ಒಂದು ಬಾಗಿಲಾದರೂ ತೆರೆದಿರಬೇಕಾದರೆ ಆ ಮನೆ ಮೊದಲೇ ಹಾಗೆ ಬದುಕಿರಬೇಕು.” ಸಂತ ಮತ್ತಾಯರ ಪಟ್ಟಿಯನ್ನೂ ಹಾಗೆ ಓದಬಹುದಲ್ಲವೇ? ಒಂದು ಮಗು ಬರುವುದಕ್ಕಾಗಿ ದೇವರು ಅಬ್ರಹಾಮನ ಕಾಲದಿಂದ ಮನೆ ಸಿದ್ಧಪಡಿಸುತ್ತಾ ಬಂದರು.

ಆದರೆ ಎಂಥ ಮನೆ? ಇಲ್ಲಿ ಇನ್ನೊಂದು ಪುಸ್ತಕ ನಮ್ಮನ್ನು ತಡೆದು ನಿಲ್ಲಿಸಿತು. ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೋ 1966ರಲ್ಲಿ ಬರೆದ ‘ಮೌನ’. ರೋಮಿಗೆ ಬಂದ ಒಂದು ಸುದ್ದಿಯಿಂದ ಅದು ಶುರುವಾಗುತ್ತದೆ: ಹಲವು ವರ್ಷ ಜಪಾನಿನಲ್ಲಿ ಸೇವೆ ಮಾಡಿದ ಯೇಸುಸಭೆಯ ಗುರು ಫೆರೇರಾ, ನಾಗಸಾಕಿಯಲ್ಲಿ ಚಿತ್ರಹಿಂಸೆ ತಾಳಲಾರದೆ ವಿಶ್ವಾಸವನ್ನು ತ್ಯಜಿಸಿದ್ದಾರೆ. ಇದು ಕಲ್ಪನೆಯಲ್ಲ, 1633ರಲ್ಲಿ ನಡೆದದ್ದು. ಜಪಾನಿನ ಧರ್ಮಸಭೆಗೆ ಎಷ್ಟೊಂದು ರಕ್ತಸಾಕ್ಷಿಗಳಿದ್ದಾರೆ! ಅವರನ್ನು ಬಿಟ್ಟು, ಬಿದ್ದವರ ಹೆಸರನ್ನೇ ಏಕೆ ಮೊದಲ ಪುಟದಲ್ಲಿ ಹಾಕಬೇಕು ಎಂದು ಹಿರಿಯರೊಬ್ಬರು ಬೇಸರಪಟ್ಟರು. ಬೇಸರ ಸಹಜವೇ. ನಮ್ಮ ಮನೆಯ ಮಾನ ಬೀದಿಗೆ ಬಂದರೆ ನಮಗೂ ಹಾಗೇ ಆಗುತ್ತದೆ.

ಈಗ ಶುಭಸಂದೇಶಕ್ಕೆ ಹಿಂದಿರುಗೋಣ. ಯೇಸುಸ್ವಾಮಿಯ ವಂಶಾವಳಿಯಲ್ಲಿ ಮಾತೆ ಮರಿಯಳಿಗೆ ಮೊದಲು ನಾಲ್ವರು ಹೆಂಗಸರು ಬರುತ್ತಾರೆ. ಸಾರಾಳಾಗಲಿ ರೆಬೆಕ್ಕಳಾಗಲಿ ಅಲ್ಲಿಲ್ಲ. ಮಾವನಿಂದಲೇ ಮಕ್ಕಳನ್ನು ಪಡೆದ ತಾಮಾರ, ಜೆರಿಕೋವಿನ ವೇಶ್ಯೆ ರಾಹಾಬ, ಪರದೇಶಿ ರೂತ್. ನಾಲ್ಕನೆಯವಳ ಹೆಸರನ್ನೇ ಮತ್ತಾಯರು ಹೇಳುವುದಿಲ್ಲ. ಊರಿಯನ ಹೆಂಡತಿ ಎನ್ನುತ್ತಾರೆ. ದಾವೀದ ಅರಸ ಎಷ್ಟೇ ದೊಡ್ಡವನಾಗಲಿ, ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು ಆ ಗಂಡನನ್ನು ಕೊಲ್ಲಿಸಿದ್ದು ಮರೆತುಹೋಗಬಾರದು. ಕೊಲೆಯಾದ ಊರಿಯನಿಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಳಿಸಿಹಾಕುವುದು ಸುಲಭವಿತ್ತು. ಮತ್ತಾಯರು ಅಳಿಸಲಿಲ್ಲ.

ನಾವು ಅಳಿಸುತ್ತೇವೆ. ಮದುವೆಯ ಕರೆಯೋಲೆ ಅಚ್ಚು ಹಾಕಿಸುವಾಗ ಒಂದು ಹೆಸರನ್ನು ಬಿಡುತ್ತೇವೆ. ಯಾರನ್ನೋ ಕಟ್ಟಿಕೊಂಡು ಹೋದ ತಂಗಿ, ಕುಡಿತಕ್ಕೆ ಬಿದ್ದ ಅಣ್ಣ, ಗುರುಮಠ ಬಿಟ್ಟು ಬಂದ ಮಗ, ಕೋರ್ಟು ಕಚೇರಿಯ ಜಗಳದಲ್ಲಿ ಮಾತು ನಿಂತ ಚಿಕ್ಕಪ್ಪ. ನಾಳೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಕ್ಕಳು ಅವರ ಹೆಸರೆತ್ತಿದರೆ ಕಣ್ಸನ್ನೆಯಲ್ಲೇ ಬಾಯಿ ಮುಚ್ಚಿಸುತ್ತೇವೆ. ನಮ್ಮ ನಮ್ಮ ಮನೆಯ ಹೆಸರು ಯಾವುದೆಂದು ಇಲ್ಲಿ ಕುಳಿತ ನಮಗೆಲ್ಲ ಗೊತ್ತಿದೆ.

ಜೋಸೆಫರೂ ಅಂದು ಒಂದು ಹೆಸರನ್ನು ಬಿಡುವುದರಲ್ಲಿದ್ದರು. ಗದ್ದಲ ಮಾಡದೆ, ಮರ್ಯಾದೆಯಿಂದ, ಗುಟ್ಟಾಗಿ ಮರಿಯಳನ್ನು ಬಿಟ್ಟುಬಿಡಬೇಕೆಂದಿದ್ದರು. ಒಳ್ಳೆಯವರೂ ಹೀಗೆ ಯೋಚಿಸುತ್ತಾರೆ. ಕನಸಿನಲ್ಲಿ ದೂತನು ಅವರಿಗೆ ಹೇಳಿದ್ದು ಎರಡು ಕೆಲಸ: ಅವಳನ್ನು ಮನೆಗೆ ಕರೆದುಕೊ, ಮಗುವಿಗೆ ಹೆಸರಿಡು. ಗಮನಿಸಿ, ಅಷ್ಟುದ್ದದ ಪಟ್ಟಿ ಕೊನೆಗೆ ಬಂದು ನಿಲ್ಲುವುದು ಜೋಸೆಫರ ಬಳಿ. ಆದರೆ ಮಗು ಅವರ ರಕ್ತದ್ದಲ್ಲ. ಅವರು ಬಾಗಿಲು ತೆರೆದು, ಹೆಸರಿಟ್ಟು, ನನ್ನವನು ಎಂದಾಗಲೇ ಯೇಸು ದಾವೀದನ ವಂಶದ ಲೆಕ್ಕಕ್ಕೆ ಸೇರಿದ್ದು. 42 ತಲೆಮಾರುಗಳ ಸರಪಣಿಯ ಕಡೆಯ ಕೊಂಡಿ ಒಬ್ಬ ಬಡಗಿ ಬೆಳಿಗ್ಗೆ ಎದ್ದು ಮಾಡಿದ ತೀರ್ಮಾನ.

ನಮ್ಮಲ್ಲಿ ಅನೇಕರ ಮನೆಯ ಬೈಬಲಿನ ಮೊದಲಲ್ಲಿ ಖಾಲಿ ಹಾಳೆಯೊಂದು ಇರುತ್ತದೆ. ಈ ರಾತ್ರಿ ಮನೆಗೆ ಹೋದ ಮೇಲೆ ಅದರಲ್ಲಿ ಕುಟುಂಬದವರ ಹೆಸರುಗಳನ್ನು ಮಕ್ಕಳ ಕೈಯಿಂದಲೇ ಬರೆಸೋಣ. ಬಿಟ್ಟ ಹೆಸರನ್ನೂ ಸೇರಿಸೋಣ. ಫೋನ್ ನಂಬರ್ ಯಾರ ಬಳಿಯಾದರೂ ಇದ್ದೇ ಇರುತ್ತದೆ. ನಾಳೆ ಊಟಕ್ಕೆ ಇನ್ನೂ ಹೊತ್ತಿದೆ.

ಈಗ ಎದ್ದು ವಿಶ್ವಾಸಪ್ರಮಾಣ ಹೇಳೋಣ. ದೇವಪುತ್ರರು ಮರಿಯಳಲ್ಲಿ ಮನುಷ್ಯರಾದರೆಂಬ ಮಾತು ಬಂದಾಗ, ಬೇರೆ ದಿನಗಳಂತೆ ಬರೀ ತಲೆಬಾಗುವುದಲ್ಲ, ಇಂದು ಎಲ್ಲರೂ ಮಂಡಿಯೂರುತ್ತೇವೆ. ಮಂಡಿನೋವಿರುವ ಹಿರಿಯರು ಕುಳಿತೇ ಇರಬಹುದು.