ಬಾವಿಯ ಪಂಪಿನ ಗುಂಡುಕವಾಟ

ಪಂಪಿನ ಹಿಡಿಯನ್ನು ಒತ್ತಿದೊಡನೆ ನೀರು ಸುರಿದರೆ ನಾವು ಪಂಪನ್ನು ಮೆಚ್ಚುತ್ತೇವೆ. ಹತ್ತು ಸಲ ಒತ್ತಿದರೂ ಬರಿಯ ಸದ್ದೇ ಆದರೆ ಬಾವಿಯನ್ನು ದೂರುತ್ತೇವೆ. ಬಾವಿಯಲ್ಲಿ ನೀರಿದ್ದೂ ಕೊಡ ತುಂಬದಿರುವುದಕ್ಕೆ ಅನೇಕ ವೇಳೆ ಕಾರಣವು ಆಳದಲ್ಲಿ ಅಡಗಿರುವ ಕವಾಟ. ಕವಾಟಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಗುಂಡುಕವಾಟದ ರಚನೆಯನ್ನು ಈಗ ವಿಚಾರಮಾಡೋಣ.

ಗಾಳಿಯ ಒತ್ತಡವು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು. ಆದುದರಿಂದ ಆಳವಾದ ಬಾವಿಯಲ್ಲಿ ಸಿಲಿಂಡರನ್ನೇ ನೀರಿನೊಳಕ್ಕೆ ಇಳಿಸಿ, ಪಿಸ್ಟನ್ನನ್ನು ಉದ್ದನೆಯ ಸರಳಿನಿಂದ ಆಡಿಸಬೇಕಾಗುತ್ತದೆ. ಸಿಲಿಂಡರಿನ ಬುಡದಲ್ಲಿ ಒಂದು, ಪಿಸ್ಟನ್ನಿನಲ್ಲಿ ಒಂದು, ಹೀಗೆ ಎರಡು ಕವಾಟಗಳು. ಪಿಸ್ಟನ್ ಏರುವಾಗ ಅದರ ಗುಂಡು ಪೀಠವನ್ನು ಮುಚ್ಚಿಕೊಂಡು ಮೇಲಿನ ನೀರನ್ನು ಹೊರುತ್ತದೆ. ಬುಡದ ಗುಂಡು ಎದ್ದು ಹೊಸ ನೀರಿಗೆ ದಾರಿಬಿಡುತ್ತದೆ. ಇಳಿಯುವಾಗ ಇವುಗಳ ಕೆಲಸ ಅದಲುಬದಲು. ಕಲ್ಲೆಣ್ಣೆಯ ಬಾವಿಗಳಲ್ಲಿಯೂ ಇದೇ ಏರ್ಪಾಡುಂಟು.

ಗುಂಡಿನ ಮೇಲೆ ಬೀಳುವ ಭಾರವೆಷ್ಟು? ನೀರಿನ ಎತ್ತರ 40 ಮೀಟರು, ಪೀಠದ ರಂಧ್ರದ ವ್ಯಾಸ 4 ಸೆಂಟಿಮೀಟರು ಎಂದಿಟ್ಟುಕೊಂಡರೆ, ಸುಮಾರು 50 ಕಿಲೋಗ್ರಾಮು. ನಿಮಿಷಕ್ಕೆ 40 ಸಲ ಪಿಸ್ಟನ್ ಆಡಿದರೆ, ಗಂಟೆಗೆ 2,400 ಸಲ ಗುಂಡು ಪೀಠವನ್ನು ಬಡಿಯುತ್ತದೆ.

ಇದನ್ನು ತಾಳುವಂತೆ ಅಳತೆಗಳನ್ನು ಗೊತ್ತುಮಾಡಬೇಕು. ಗುಂಡು ರಂಧ್ರಕ್ಕಿಂತ ಅತ್ಯಲ್ಪವಾಗಿ ಮಾತ್ರ ದೊಡ್ಡದಾದರೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಹಳ ದೊಡ್ಡದಾದರೆ ಸುತ್ತಲೂ ನೀರು ಹರಿಯಲು ಎಡೆಯಿರುವುದಿಲ್ಲ. ಗುಂಡನ್ನು ಹಿಡಿದಿಡುವ ಪಂಜರದಲ್ಲಿ ಅದು ರಂಧ್ರದ ವ್ಯಾಸದ ಕಾಲುಭಾಗದಷ್ಟಾದರೂ ಏಳುವಂತಿರಬೇಕು. ಅಷ್ಟು ಎದ್ದಾಗ ಪೀಠದ ಸುತ್ತ ತೆರೆಯುವ ಜಾಗವು ಲೆಕ್ಕದಲ್ಲಿ ರಂಧ್ರದ ವಿಸ್ತೀರ್ಣಕ್ಕೆ ಸಮ. ಅತಿಯಾಗಿ ಎದ್ದರೆ ಮರಳಿ ಕೂರಲು ತಡವಾಗಿ, ಎತ್ತಿದ ನೀರು ಹಿಂದಕ್ಕೆ ಜಾರುತ್ತದೆ, ಪೆಟ್ಟೂ ಬಲವಾಗುತ್ತದೆ.

ಗುಂಡಿಗೊಂದು ವಿಶೇಷ ಗುಣವುಂಟು: ಹರಿಯುವ ನೀರಿನಲ್ಲಿ ಹೊರಳುತ್ತಾ, ಪ್ರತಿಸಲವೂ ಹೊಸ ಮೈಯನ್ನು ಪೀಠಕ್ಕೆ ಒಡ್ಡುತ್ತದೆ, ಆದುದರಿಂದ ಸವೆತವು ಒಂದೇ ಕಡೆ ಬೀಳದು. ಆದರೆ ಪೀಠವು ಹೊರಳಲಾರದು. ಮರಳಿನ ಒಂದು ಕಣ ನಡುವೆ ಸಿಕ್ಕಿದರೂ ಗೀರು ಬಿದ್ದು, ಆ ಗೀರಿನಲ್ಲಿ ನುಗ್ಗುವ ನೀರು ಲೋಹವನ್ನೇ ಕೊರೆಯುತ್ತದೆ. ಈ ಕಾರಣದಿಂದ ಪೀಠಕ್ಕೂ ಗುಂಡಿಗೂ ತುಕ್ಕುಹಿಡಿಯದ ಗಡಸು ಲೋಹವನ್ನು ಆರಿಸಿ, ಒಂದಕ್ಕೊಂದು ನಯವಾಗಿ ಹೊಂದುವಂತೆ ಅರೆಯುತ್ತಾರೆ.

ಶ್ರೋತೃಗಳು ಒಂದು ಪರೀಕ್ಷೆಯನ್ನು ತಾವೇ ಮಾಡಬಹುದು. ರಾತ್ರಿಯೆಲ್ಲ ಸುಮ್ಮನಿದ್ದ ಪಂಪು ಬೆಳಗ್ಗೆ ಬಹಳ ಒತ್ತಿದ ಮೇಲೆಯೇ ನೀರು ಕೊಟ್ಟರೆ, ಬುಡದ ಕವಾಟವೋ ಕೊಳವೆಯ ಕೂಡುವೆಯೋ ಸೋರುತ್ತಿದೆಯೆಂದು ಶಂಕಿಸಬೇಕು. ಬಾವಿಯನ್ನು ಮತ್ತಷ್ಟು ತೋಡಿಸಲು ಹಣ ಸುರಿಯುವುದಕ್ಕೆ ಮೊದಲು, ಆ ಪೀಠವನ್ನು ಮೇಲಕ್ಕೆತ್ತಿಸಿ ನೋಡುವುದು ಲೇಸು.