ಮನೆಯೊಳಗಿನ ಏಟು



ಧಣಿ ಕೈಯೆತ್ತಿದರೆ ನಾವು ಸಂಘಕ್ಕೆ ಓಡುತ್ತೇವೆ. ಮನೆಯಲ್ಲಿ ನಾವೇ ಕೈಯೆತ್ತಿದರೆ ಹೆಂಗಸು ಎಲ್ಲಿಗೆ ಓಡಬೇಕು?

ಮೈಮೇಲಿನ ಬಾವು ನಾಲ್ಕು ದಿನದಲ್ಲಿ ಇಳಿದೀತು. ಬಸುರಿಗೆ ಬಿದ್ದ ಏಟಿನಿಂದ ಗರ್ಭಪಾತವಾಗಬಹುದು, ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು. ಬಲವಂತದ ಸಂಗದಿಂದ ಬೇಡದ ಬಸಿರು, ಗುಹ್ಯರೋಗ ಅಂಟಬಹುದು. ಹೆದರಿದವಳು ಡಾಕ್ಟರ ಮುಂದೆಯೂ ಬಾಯಿ ಬಿಡುವುದಿಲ್ಲ.

ಇದು ಗಂಡನ ಹಕ್ಕು ಎನ್ನುವವರಿಗೆ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟು 2021ರಲ್ಲಿ ಉತ್ತರ ಕೊಟ್ಟಿದೆ: ಒಲ್ಲದ ಹೆಂಡತಿಯ ಮೇಲಿನ ಬಲಾತ್ಕಾರ ಕ್ರೌರ್ಯ, ಅದು ವಿಚ್ಛೇದನಕ್ಕೆ ಸಾಕಾದ ಕಾರಣ. 2005ರ ಕಾಯಿದೆಯೂ ಇಂಥ ಹಿಂಸೆಯನ್ನು ಕೌಟುಂಬಿಕ ದೌರ್ಜನ್ಯವೆಂದೇ ಎಣಿಸುತ್ತದೆ.

ತಿರುವನಂತಪುರದಲ್ಲಿ 2017ರಲ್ಲಿ ಹೆಂಗಸರಿಗಾಗಿ 181 ಸಹಾಯವಾಣಿ ಶುರುವಾಯಿತು. ಈ ಸಂಖ್ಯೆ ಬೇರೆ ರಾಜ್ಯಗಳಲ್ಲೂ ಇದೆ. ಮನೆಮನೆಯ ಹೆಂಗಸರಿಗೆ ಅದನ್ನು ತಿಳಿಸೋಣ. ಅದಕ್ಕೂ ಮೊದಲು, ಬಂಧುಗಳೇ, ಎತ್ತಿದ ಕೈಯನ್ನು ನಾವೇ ಇಳಿಸೋಣ.